ಗುಂಡಿ ತುಂಬಿದ ಊಟದ ಡಬ್ಬಿ

ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಮುಖ ತೊಳೆದು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡಳೆಂದರೆ ಅದು ಇಳಿಯುತ್ತಿದ್ದದ್ದು ಮಲಗುವಾಗಲೇ. ಹೊಸ ಬಟ್ಟೆ ಹೊಲಿಯುವ ಕಸುಬು ಅವಳದಲ್ಲ, ಆಲ್ಟರೇಶನ್. ದಪ್ಪಗಾದವರಿಗೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುವುದು, ಸಣ್ಣಗಾದವರಿಗೆ ಹಿಡಿದುಕೊಡುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿ ಪಕ್ಕ ಮಷಿನ್ನು, ಅದರ ಪಕ್ಕ ಉದ್ದನೆಯ ಮೇಜು, ಮೇಜಿನ ಆ ತುದಿಗೆ ಅಡುಗೆಮನೆಯ ಬಾಗಿಲು. ಯಾರ ಸೊಂಟ ಯಾವ ವರ್ಷ ಎಷ್ಟಿತ್ತು ಅನ್ನುವುದೆಲ್ಲ ಅವಳಿಗೆ ಬಾಯಿಪಾಠ. ಮೂರು ತಿಂಗಳಿಂದ ಬರೀ ಹಣ್ಣು ತಿನ್ನುತ್ತಿದ್ದೇನೆ ಎಂದು ಊರಿಗೆಲ್ಲ ಸಾರಿಕೊಂಡು ಬಂದ ಬ್ಯಾಂಕಿನ ಗುಮಾಸ್ತನಿಗೆ, ‘ಬರೀ ಹಣ್ಣು ತಿಂದ ಸೊಂಟ ಒಂದೂವರೆ ಇಂಚು ಹೇಗೆ ಬೆಳೀತು ಸಾರ್’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದವಳು ಅವಳು. ಟೇಪು ಸುಳ್ಳು ಹೇಳುವುದಿಲ್ಲ ಅನ್ನುವುದು ಅವಳ ನಂಬಿಕೆ. ಇಂಥವಳ ಕಣ್ಣಿಗೇ ಒಬ್ಬ ಹದಿನಾಲ್ಕು ತಿಂಗಳು ಮಣ್ಣೆರಚಿದ ಅಂದರೆ ಅವನ ಧೈರ್ಯಕ್ಕೆ ಏನನ್ನಬೇಕು ಹೇಳಿ!

ಆ ಒಬ್ಬ ಬೇರೆ ಯಾರೂ ಅಲ್ಲ, ಅವಳ ಗಂಡ. ಹಡಗು ರಿಪೇರಿಯ ಯಾರ್ಡಿನಲ್ಲಿ ಕ್ರೇನ್ ಡ್ರೈವರು. ನಲವತ್ತಡಿ ಮೇಲಿನ ಗಾಜಿನ ಗೂಡಿನಲ್ಲಿ ಕೂತು ಇಪ್ಪತ್ತೆರಡು ವರ್ಷ ಕಬ್ಬಿಣ ಎತ್ತಿ ಇಳಿಸಿದವನು. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಯಿ ಕಟ್ಟಿದವನಲ್ಲ. ಯಾರ್ಡಿನ ಗೇಟಿನ ಎದುರಿಗೆ ಕೆಂಪು ಬಣ್ಣದ ಒಂದು ಟೆಕ್ಸ್-ಮೆಕ್ಸ್ ಅಂಗಡಿ, ಅಂದರೆ ಅಮೆರಿಕದ ರುಚಿಗೆ ಒಗ್ಗಿಸಿದ ಮೆಕ್ಸಿಕೋ ತಿಂಡಿಯ ಅಂಗಡಿ ಇತ್ತು. ಎಣ್ಣೆಯಲ್ಲಿ ಕರಿದ ಮಡಚು ರೊಟ್ಟಿಯೊಳಗೆ ಮಾಂಸ ತುಂಬಿದ ಗರಿಗರಿ ಟಾಕೋ, ಕರಗಿ ದಾರದ ಹಾಗೆ ಎಳೆಯುವ ಚೀಸು, ಮೈದಾ ಹಾಳೆಯಲ್ಲಿ ಕೊಬ್ಬಿನ ಮಾಂಸ ಸುತ್ತಿದ ಮೊಣಕೈ ಉದ್ದದ ಬರಿಟೋ. ಮಧ್ಯಾಹ್ನದ ಸೈರನ್ ಕೂಗಿತೆಂದರೆ ಅವನ ಕಾಲು ತಾನಾಗಿ ಆ ಕಡೆಗೆ ತಿರುಗುತ್ತಿತ್ತು.

ಹದಿನಾಲ್ಕು ತಿಂಗಳ ಹಿಂದೆ ಯಾರ್ಡಿನ ಡಾಕ್ಟರು ರಕ್ತದ ರಿಪೋರ್ಟನ್ನು ಮೇಜಿನ ಮೇಲೆ ಹಾಕಿ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು. ಸಕ್ಕರೆ ಏರಿದೆ, ರಕ್ತದಲ್ಲಿ ಕೊಬ್ಬು ಏರಿದೆ, ಲಿವರಿನಲ್ಲೂ ಕೊಬ್ಬು ಕೂತಿದೆ. “ನೋಡಿ, ಮೇಲೆ ಕೂತವನಿಗೆ ತಲೆ ತಿರುಗಿದ್ರೆ ಕೆಳಗಿದ್ದವನು ಸಾಯ್ತಾನೆ. ಇಷ್ಟೇ ವಿಷಯ. ಕ್ಲೀನಾಗಿ ತಿನ್ನಿ. ಮನೆಯಲ್ಲೇ ಮಾಡಿದ್ದು, ಪ್ಯಾಕೆಟ್ಟಿಂದು ಬೇಡ, ಕರಿದದ್ದು ಬೇಡ, ಮೈದಾ ಬೇಡ. ನಂಬರ್ ಇಳೀಲಿಲ್ಲ ಅಂದ್ರೆ ಕ್ರೇನಿಂದ ಇಳಿಸಿ ಸ್ಟೋರಿಗೆ ಹಾಕ್ತೀನಿ.”

ಸ್ಟೋರು ಎಂದರೆ ಕೆಳಗಿನ ಕತ್ತಲೆ ಗೋದಾಮು, ಬೋಲ್ಟು ನಟ್ಟು ಎಣಿಸುವ ಕೆಲಸ. ಮನೆಗೆ ಬಂದ ಗಂಡ ಊಟ ಮುಟ್ಟದೆ ಗೋಡೆ ಕಡೆ ತಿರುಗಿ ಮಲಗಿದ. “ನಾನು ಇಳಿದ್ರೆ ಮುಗೀತು ಕಣೇ,” ಎಂದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನ ಗಂಟಲು ಹಾಗೆ ನಡುಗಿದ್ದನ್ನು ಅವಳು ಕೇಳಿರಲಿಲ್ಲ. ಅವತ್ತೇ ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು: ಇವರನ್ನು ನಾನು ಇಳಿಯಲು ಬಿಡುವುದಿಲ್ಲ.

ಸಪ್ಪೆ ತರಕಾರಿ ಬೇಯಿಸಿ ಕೊಟ್ಟರೆ ನಾಲ್ಕನೇ ದಿನಕ್ಕೆ ಇವನು ಗೇಟು ದಾಟುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಆಸೆ ಬಿಡಿಸುವುದಲ್ಲ, ಆಸೆಯನ್ನೇ ಆಲ್ಟರ್ ಮಾಡಬೇಕು. ಅದೇ ಟಾಕೋ, ಅದೇ ಬರಿಟೋ, ಆದರೆ ಮನೆಯದು. ಫೋನಿನಲ್ಲಿ ನೋಡಿ ನೋಡಿ, ಕೆಡಿಸಿ ಕೆಡಿಸಿ ಕಲಿತಳು. ಕಪ್ಪು ಬೀನ್ಸ್ ಕಾಳನ್ನು ಹಿಂದಿನ ದಿನವೇ ನೆನೆಹಾಕಿ, ಬೆಳ್ಳುಳ್ಳಿ ಜೀರಿಗೆ ಜೊತೆ ಬೆಣ್ಣೆಯಂತೆ ಬೇಯಿಸಿ, ಒಂದು ಹನಿ ಕೊಬ್ಬಿಲ್ಲದೆ ಮಸೆಯುವುದು. ಟೊಮೆಟೊ, ಈರುಳ್ಳಿ, ಮೆಣಸಿನಕಾಯಿಗಳನ್ನು ಬೆಂಕಿಯ ಮೇಲೆ ನೇರವಾಗಿ ಸುಟ್ಟು, ಕಪ್ಪು ಸಿಪ್ಪೆ ಅರ್ಧ ಉಳಿಸಿ ಸಾಲ್ಸಾ ಎಂಬ ಚಟ್ನಿ ಅರೆಯುವುದು. ಚರ್ಮ ತೆಗೆದ ಕೋಳಿಯನ್ನು ನಿಂಬೆರಸದಲ್ಲಿ ನೆನೆಸಿ ಬಾಣಲೆಯಲ್ಲಿ ಬಾಡಿಸುವುದು. ಹುಳಿ ಕ್ರೀಮಿನ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು. ಚೀಸಿನ ಬದಲು ಮಸೆದ ಬೆಣ್ಣೆಹಣ್ಣು.

ಇನ್ನು ಟಾರ್ಟಿಯಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಅಂಗೈಯಗಲದ ತೆಳು ರೊಟ್ಟಿ. ಅದನ್ನು ಒತ್ತಲು ಅವಳ ಹತ್ತಿರ ಸಲಕರಣೆ ಇರಲಿಲ್ಲ. ಎರಡು ಮರದ ಹಲಗೆ, ನಡುವೆ ಪ್ಲಾಸ್ಟಿಕ್ ಹಾಳೆ, ಅದರೊಳಗೆ ಹಿಟ್ಟಿನ ಉಂಡೆ. ಮೇಲೆ ಅಂಗಡಿಯ ಹಳೇ ಇಸ್ತ್ರಿಪೆಟ್ಟಿಗೆ ಇಟ್ಟು ಮೈಭಾರ ಬಿಟ್ಟು ಒತ್ತುತ್ತಿದ್ದಳು. ಮೇಲಿನ ಹಲಗೆಯಲ್ಲಿ ಒಂದು ಬಿರುಕು. ಅದರಿಂದ ಪ್ರತಿ ಟಾರ್ಟಿಯಾದ ಮೇಲೂ ಕೂದಲೆಳೆಯಷ್ಟು ಒಂದು ಗೆರೆ ಬೀಳುತ್ತಿತ್ತು. ಐದು ಗಂಟೆಗೆ ಎದ್ದರೆ ಏಳಕ್ಕೆ ಡಬ್ಬಿ ತಯಾರು. ಮಧ್ಯಾಹ್ನಕ್ಕೆ ಇದು, ಸಂಜೆಗೆ ಇಬ್ಬರಿಗೂ ತರಕಾರಿ ಸೂಪು.

ಸಂಜೆಯ ಸೂಪಿನ ಬಗ್ಗೆ ಗಂಡ ಬಾಯಿ ಬಿಡುತ್ತಿರಲಿಲ್ಲ. ಆದರೆ ಮಧ್ಯಾಹ್ನದ ಡಬ್ಬಿಯ ಬಗ್ಗೆ! ಮದುವೆಯಾದ ಲಾಗಾಯ್ತು ತಟ್ಟೆ ನೋಡದೆ ತಿಂದು ಕೈ ತೊಳೆದವನು ಈಗ ಚಪ್ಪಲಿ ಬಿಡುವ ಮೊದಲೇ ಮಾತಾಡುತ್ತಿದ್ದ.

“ಇವತ್ತು ಸಾಲ್ಸಾಗೆ ಸುಟ್ಟ ವಾಸನೆ ಎಷ್ಟು ಹಿತವಾಗಿತ್ತು ಗೊತ್ತಾ. ನಿನ್ನೆಗಿಂತ ಹುಳಿ ಒಂದು ಕೂದಲು ಮುಂದಿತ್ತು, ಆದ್ರೆ ಅದೇ ಚೆಂದ.”

“ಕಾಳಿಗೆ ನಿಂಬೆ ಸಿಪ್ಪೆ ತುರಿದು ಹಾಕಿದ್ದೀಯಾ? ಬಾಯಿಗಿಟ್ಟ ತಕ್ಷಣ ತಿಳೀತು ನೋಡು.”

ಹಾಕಿದ್ದಳು. ಚಿಟಿಕೆಯಷ್ಟೇ ಹಾಕಿದ್ದಳು. ಅದು ಇವರಿಗೆ ಹೇಗೆ ತಿಳಿಯಿತಪ್ಪಾ ಎಂದು ಅವಳ ಮುಖ ಅರಳಿತು. ಒಂದು ದಿನ ಅವನು ಕೇಳಿದ: “ಅಲ್ವೇ, ಪ್ರತಿ ರೊಟ್ಟಿ ಮೇಲೂ ಒಂದು ಗೆರೆ ಇರುತ್ತಲ್ಲ, ಅದ್ಯಾಕೆ?” ಟೇಪಕ್ಕ ಹಲಗೆ ತಂದು ಬಿರುಕು ತೋರಿಸಿದಳು. ಆ ಸಂಜೆ ಮಷಿನ್ ತುಳಿಯುವಾಗ ಅವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಹೊಲಿಯುವವಳಿಗೆ ಗೆರೆಯನ್ನು ಗಮನಿಸುವ ಗಂಡ ಸಿಗುವುದು ಸಣ್ಣ ವಿಷಯವಲ್ಲ. ನಲವತ್ತೈದರ ಹೆಂಗಸು, ಗಂಡ ಬರುವ ಹೊತ್ತಿಗೆ ಕನ್ನಡಿ ನೋಡಿಕೊಳ್ಳಲು ಶುರುಮಾಡಿದ್ದಳು. ನಗಬೇಡಿ. ಯಾರಿಗೇ ಆದರೂ ಹಾಗೇ ಆಗುತ್ತಿತ್ತು.

ಆದರೆ ನಂಬರು ಮಾತ್ರ ಇಳಿಯಲಿಲ್ಲ. ಆರು ತಿಂಗಳಿಗೆ ನೋಡಿದರೆ ಇದ್ದಲ್ಲೇ ಇತ್ತು. ಹನ್ನೆರಡಕ್ಕೆ ಇನ್ನೂ ಒಂದು ಮೆಟ್ಟಿಲು ಮೇಲೆ. ಡಾಕ್ಟರು ಗಂಡನನ್ನು ಬಿಟ್ಟು ಇವಳ ಕಡೆ ತಿರುಗಿದರು. “ಏನಮ್ಮ, ಏನು ಹಾಕಿ ಮಾಡ್ತಿದ್ದೀಯ? ಎಣ್ಣೆ ಸುರೀತಿದ್ದೀಯಾ? ಗಂಡನ ಮೇಲೆ ಪ್ರೀತಿ ಇದ್ರೆ ಕೈ ಸ್ವಲ್ಪ ಹಿಡಿದು ಮಾಡು. ಕ್ಲೀನ್ ಊಟ ಅಂದ್ರೆ ಹೆಸರಿಗಲ್ಲ.” ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಕ್ಕದಲ್ಲಿ ಕೂತ ಗಂಡ ತನ್ನ ಉಗುರು ನೋಡುತ್ತಿದ್ದ. ಪಾಪ, ಅವರಿಗೂ ಅವಮಾನವಾಗಿದೆ ಎಂದು ಇವಳು ಅವನ ಮೇಲೇ ಮರುಕಪಟ್ಟಳು!

ಮನೆಗೆ ಬಂದವಳು ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಹಾಕತೊಡಗಿದಳು. ಕೋಳಿ ವಾರಕ್ಕೆ ಒಂದೇ ದಿನ. ಉಪ್ಪು ಅರ್ಧ, ಆಮೇಲೆ ಅರ್ಧದಲ್ಲಿ ಅರ್ಧ. ಕೈ ತಪ್ಪಿ ಹಾಕಿಬಿಟ್ಟೇನೆಂದು ಉಪ್ಪಿನ ಭರಣಿಯನ್ನು ಮೇಲಿನ ಅಟ್ಟಕ್ಕೇ ಏರಿಸಿದಳು. ಭಾನುವಾರ ಭಾನುವಾರ ಗಂಡನ ಸೊಂಟ ಅಳೆಯುತ್ತಿದ್ದಳು. ಮೂವತ್ತೊಂಬತ್ತು ಇದ್ದದ್ದು ನಲವತ್ತೊಂದು. ಟೇಪೇ ಕುಗ್ಗಿದೆ ಎಂದುಕೊಂಡು ಹಳೆಯದನ್ನು ಬಿಸಾಕಿ ಹೊಸ ಟೇಪು ತಂದಳು. ಹೊಸದೂ ನಲವತ್ತೊಂದೇ ಅಂದಿತು. ಅಂಗಿಯ ತೋಳಿನ ತುದಿಯಲ್ಲಿ ಕಿತ್ತಳೆ ಬಣ್ಣದ ಜಿಡ್ಡು ಕಲೆ ಕಂಡಾಗ ಏನಿದು ಎಂದು ಕೇಳಿದ್ದಳು. “ಕ್ರೇನ್ ಗ್ರೀಸು,” ಎಂದಿದ್ದ ಅವನು. ಗ್ರೀಸು ಕಪ್ಪಗಿರುತ್ತದೆ ಎಂದು ಇವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಸೋಪು ಹಚ್ಚಿ ಉಜ್ಜಿದಳು, ಅಷ್ಟೇ.

ಇದೇ ಹೊತ್ತಿನಲ್ಲಿ ಇನ್ನೊಂದು ನಡೆದಿತ್ತು. ಗಂಡ ಆಗಾಗ ಯಾರ್ಡಿನ ವೆಲ್ಡರ್ ಒಬ್ಬನ ಪ್ಯಾಂಟು ತರುತ್ತಿದ್ದ. “ಅವನಿಗೆ ಸಡಿಲ ಆಗ್ತಿದೆಯಂತೆ, ಹಿಡಿದುಕೊಡು.” ನಲವತ್ತರಿಂದ ಮೂವತ್ತೆಂಟು, ಮೂವತ್ತೆಂಟರಿಂದ ಮೂವತ್ತಾರು. ಟೇಪಕ್ಕ ಆ ಮುಖ ಕಾಣದ ಸೊಂಟಕ್ಕೆ ಸೀಮೆಸುಣ್ಣದ ಗೆರೆ ಹಾಕುತ್ತಾ, “ನೋಡ್ರೀ, ಪುಣ್ಯಾತ್ಮ! ಇವರ ಮನೆಯಲ್ಲಿ ಯಾರೋ ಬಲ್ಲವರು ಅಡುಗೆ ಮಾಡ್ತಿದ್ದಾರೆ. ಅವರನ್ನ ಕೇಳ್ಕೊಂಡು ಬನ್ನಿ ಏನು ಮಾಡ್ತಾರೆ ಅಂತ,” ಎಂದಿದ್ದಳು. ಗಂಡ ಕೆಮ್ಮಿ ಹೊರಗೆ ಹೋಗಿದ್ದ.

ಈ ಸಲದ ಪರೀಕ್ಷೆ ಶನಿವಾರ ಇತ್ತು, ಕೊನೆಯ ಅವಕಾಶ. ಮಂಗಳವಾರ ಬೆಳಗ್ಗೆ ಟೇಪಕ್ಕನ ಮೇಜಿನ ತುಂಬ ಶಾಲೆಯ ಯೂನಿಫಾರಂ ರಾಶಿ. ಅವಳ ಹತ್ತಿರ ಒಂದೇ ಥರದ ಎರಡು ಸ್ಟೀಲ್ ಡಬ್ಬಿ, ಜೋಡಿಯಾಗಿ ಕೊಂಡದ್ದು. ಒಂದರಲ್ಲಿ ಗಂಡನ ಊಟ, ಇನ್ನೊಂದರಲ್ಲಿ ಅಂಗಿಯ ಗುಂಡಿಗಳು. ಎರಡೂ ಮೇಜಿನ ಮೇಲಿದ್ದವು. ಗಂಡ ಹೊತ್ತಾಯಿತೆಂದು ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಂಡು ಓಡಿದ. ಹನ್ನೊಂದು ಗಂಟೆಗೆ ಇವಳು ಗುಂಡಿಗೆಂದು ಡಬ್ಬಿ ತೆರೆದರೆ ಒಳಗೆ ಆರು ಟಾರ್ಟಿಯಾ, ಕಾಳು, ಸಾಲ್ಸಾ.

ಕ್ರೇನ್ ಮೇಲೆ ಫೋನ್ ಮುಟ್ಟುವಂತಿಲ್ಲ. ಯಾರ್ಡಿಗೆ ಹೋಗಿಬರಲು ಎರಡು ಬಸ್ಸು ಬದಲಾಯಿಸಬೇಕು. ಹಸಿದವನು ಡಬ್ಬಿ ತೆರೆದು ಗುಂಡಿ ನೋಡುವಾಗ ಅವನ ಮುಖ ಹೇಗಾದೀತು ಎಂದು ನೆನೆದು ಒಂದು ಕಣ್ಣಲ್ಲಿ ನಗು, ಒಂದು ಕಣ್ಣಲ್ಲಿ ನೀರು. ಕಡೆಗೆ, ‘ಇವತ್ತೊಂದು ದಿನ ಆ ಅಂಗಡಿಯಲ್ಲಿ ತಿಂದರೆ ತಿನ್ನಲಿ, ಹೊಟ್ಟೆ ಕಾಯಿಸುವುದಕ್ಕಿಂತ ವಾಸಿ’ ಎಂದು ಮನಸ್ಸಿನಲ್ಲೇ ಕ್ಷಮಿಸಿಬಿಟ್ಟಳು. ಆ ಕ್ಷಮೆಯನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮಧ್ಯಾಹ್ನ ಮೂರೂವರೆಗೆ ಬಾಗಿಲಲ್ಲಿ ಒಬ್ಬ ಗಂಡಸು ನಿಂತ. ಐವತ್ತರ ಆಸುಪಾಸು, ಕೈ ತುಂಬ ಕಿಡಿ ಹಾರಿದ ಸುಟ್ಟ ಕಲೆ, ಒಂದು ಕೈಯಲ್ಲಿ ಭಾರದ ಗೋಣಿಚೀಲ, ಇನ್ನೊಂದರಲ್ಲಿ ಸೊಂಟದಿಂದ ಜಾರುವ ಪ್ಯಾಂಟು.

“ಟೇಪಕ್ಕ ಅಂದ್ರೆ ನೀವೇ ಅಲ್ವಾ? ನಾನು ವೆಲ್ಡರ್ ಅಕ್ಕಾ, ಯಾರ್ಡಲ್ಲಿ. ನನ್ನ ಪ್ಯಾಂಟು ಬರ್ತಾ ಇರುತ್ತಲ್ಲ ನಿಮ್ಮ ಹತ್ರ,” ಎಂದು ಬಾಯಿ ತುಂಬ ನಕ್ಕ. ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. “ಇವತ್ತು ನನ್ನ ಡಬ್ಬೀಲಿ ಗುಂಡಿ ಬಂದಿತ್ತು ನೋಡಿ! ತೆಗೆದು ನೋಡ್ತೀನಿ, ಬಿಳಿ ಗುಂಡಿ, ಕಪ್ಪು ಗುಂಡಿ. ಅಕ್ಕ ಇವತ್ತು ತುಂಬಾನೇ ಕ್ಲೀನಾಗಿ ತಿನ್ನು ಅಂತಿದ್ದಾರೆ ಅಂದ್ಕೊಂಡೆ.”

ಟೇಪಕ್ಕ ನಗಲು ಬಾಯಿ ತೆರೆದಳು. ನಗು ಅರ್ಧಕ್ಕೇ ನಿಂತಿತು.

“ನಿಮ್ಮ ಡಬ್ಬಿನಾ?”

“ಹೂಂ ಅಕ್ಕಾ. ನೀವು ದಿನಾ ಕಳಿಸ್ತೀರಲ್ಲ, ಅದೇ. ಅಣ್ಣ ಹೇಳಿದ್ರು, ಹೆಂಡ್ತಿ ಹೋದ್ಮೇಲೆ ಇವನು ಅಡುಗೆ ಮಾಡ್ಕೊಳ್ಳಲ್ಲ, ಕಂಡಿದ್ದು ತಿಂತಾನೆ ಅಂತ ನಿಮ್ಮ ಹತ್ರ ಅಂದ್ರಂತೆ, ನೀವು ಎರಡು ಡಬ್ಬಿ ಕಟ್ಟೋಕೆ ಶುರು ಮಾಡಿದ್ರಂತೆ. ಹದಿನಾಲ್ಕು ತಿಂಗಳಾಯ್ತು. ಒಡಹುಟ್ಟಿದವರೂ ಇಷ್ಟು ಮಾಡಲ್ಲ.” ಅವನ ಕಣ್ಣಂಚು ಒದ್ದೆಯಾಯಿತು. “ನನಗೂ ಸಕ್ಕರೆ ಇತ್ತು ಅಕ್ಕಾ. ಹೋದ ತಿಂಗಳು ಡಾಕ್ಟರು ಮಾತ್ರೇನೇ ನಿಲ್ಲಿಸಿಬಿಟ್ರು. ಏನು ತಿಂತಿದ್ದೀಯೋ ಅದನ್ನೇ ತಿನ್ನು ಅಂದ್ರು.”

ಟೇಪಕ್ಕ ಗುಂಡಿಯ ಡಬ್ಬಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. “ಅವರ ಡಬ್ಬಿ... ನಮ್ಮವರ ಡಬ್ಬಿ?”

“ಅಣ್ಣ ನನ್ನದು ಕೊಟ್ಟು, ಅವರದ್ದು ಚೀಲದಲ್ಲೇ ಇದೆ ಅಂತ ಗೇಟಾಚೆ ಹೋಗ್ತಾರೆ. ಆ ಕೆಂಪು ಅಂಗಡಿ ಬೆಂಚಲ್ಲಿ ಗಾಳಿ ಚೆನ್ನಾಗಿ ಬರುತ್ತಂತೆ. ಇವತ್ತೂ ಅಲ್ಲಿಗೇ ಹೋಗಿದ್ರು. ಗುಂಡಿ ವಿಷಯ ಹೇಳೋಣ ಅಂದ್ರೆ ಬಂದೋರೇ ಮೇಲೆ ಹತ್ತಿಬಿಟ್ರು. ನನ್ನ ಶಿಫ್ಟು ಎರಡಕ್ಕೆ ಮುಗಿಯುತ್ತೆ, ಹಾಗೇ ಬಂದೆ.”

ಈ ಮನೆಯಿಂದ ಹೋಗುತ್ತಿದ್ದದ್ದು ಒಂದೇ ಡಬ್ಬಿ. ಎರಡನೆಯದರಲ್ಲಿ ಗುಂಡಿ ಬಿಟ್ಟು ಬೇರೇನೂ ಇರಲಿಲ್ಲ. ಇದನ್ನು ಹೇಳಲು ಅವಳ ನಾಲಿಗೆಯ ತುದಿಗೆ ಬಂತು, ಆದರೆ ಎದುರಿಗೆ ನಿಂತ ಆ ಮುಖ ನೋಡಿ ನುಂಗಿಕೊಂಡಳು. ಅವನ ತಪ್ಪೇನು? ಕೊಟ್ಟದ್ದನ್ನು ಉಂಡ, ಉಂಡದ್ದನ್ನು ನೆನೆದ.

“ನಾನು ಹೇಳಿ ಕಳಿಸಿದ್ದೆಲ್ಲ ಅಣ್ಣ ಹೇಳ್ತಿದ್ರಾ ಅಕ್ಕಾ? ದಿನಾ ಡಬ್ಬಿ ವಾಪಸ್ ಕೊಡುವಾಗ ಹೇಳ್ತಿದ್ದೆ. ನಿಂಬೆ ಸಿಪ್ಪೆ ಹಾಕಿದ್ರಲ್ಲ ಒಂದ್ಸಲ, ಆವತ್ತಂತೂ... ಉಪ್ಪು ಮಾತ್ರ ಈಚೆಗೆ ತೀರಾ ಕಡಿಮೆ ಆಯ್ತು. ತಪ್ಪು ತಿಳೀಬೇಡಿ, ಮೂರು ಸಲ ಹೇಳಿ ಕಳಿಸಿದ್ದೆ.”

ಉಪ್ಪಿನ ಮಾತು ಮಾತ್ರ ಬಂದಿರಲಿಲ್ಲ. ಹೊಗಳಿಕೆಯೆಲ್ಲ ಬಂದಿತ್ತು. ಸುಟ್ಟ ವಾಸನೆಯ ಹಿತ, ಕೂದಲೆಳೆ ಮುಂದಿದ್ದ ಹುಳಿ, ನಿಂಬೆ ಸಿಪ್ಪೆ, ಎಲ್ಲ. ಅಯ್ಯೋ, ಊಟ ಮಾರಿಕೊಂಡಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ. ಇನ್ನೊಬ್ಬನ ಬಾಯಿಯ ಕೃತಜ್ಞತೆಯನ್ನು ತನ್ನ ಪ್ರೀತಿ ಎಂದು ತಂದು ಹೆಂಡತಿಗೆ ಕೊಟ್ಟವನನ್ನು ಏನು ಮಾಡುವುದು? ಅವಳು ಕನ್ನಡಿ ನೋಡಿಕೊಂಡದ್ದು ಯಾರ ಮಾತಿಗೆ? ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಮಾಡಬಾರದ್ದು ಮಾಡಿದವನು ಅವನು, ನಾಚಿಕೆ ಇವಳಿಗೆ.

ವೆಲ್ಡರ್ ಅಷ್ಟರಲ್ಲಿ ಗೋಣಿಚೀಲ ಬಿಚ್ಚಿ ಏನನ್ನೋ ಎತ್ತಿ ಇಡುತ್ತಿದ್ದ. ದುಂಡಗೆ ಕತ್ತರಿಸಿದ ಎರಡು ಉಕ್ಕಿನ ತಟ್ಟೆ, ಒಂದು ಕಡೆ ಕೀಲು, ಇನ್ನೊಂದು ಕಡೆ ಉದ್ದನೆಯ ಹಿಡಿ. ಅಂಚೆಲ್ಲ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದ.

“ಟಾರ್ಟಿಯಾ ಒತ್ತೋದು ಅಕ್ಕಾ. ಪ್ರತಿ ರೊಟ್ಟಿ ಮೇಲೂ ಗೆರೆ ಯಾಕೆ ಅಂತ ಅಣ್ಣನ್ನ ಕೇಳಿದ್ದೆ. ಹಲಗೆ ಬಿರುಕು ಬಿಟ್ಟಿದೆ ಅಂದ್ರು. ಊಟದ ಹೊತ್ತಲ್ಲಿ ಕೂತು ಮಾಡ್ದೆ. ಇನ್ಮೇಲೆ ಗೆರೆ ಬೀಳಲ್ಲ, ನಿಮ್ಮ ಕೈಯೂ ನೋಯಲ್ಲ.”

ಟೇಪಕ್ಕ ಕೊರಳಿನ ಟೇಪು ತೆಗೆದಳು. “ನಿಂತ್ಕೊಳ್ಳಿ ಅಣ್ಣಾ, ಅಳತೆ ತಗೊಳ್ತೀನಿ,” ಎಂದಳು. ಮೂವತ್ತನಾಲ್ಕು. ಆರು ಇಂಚು. ಹದಿನಾಲ್ಕು ತಿಂಗಳ ಐದು ಗಂಟೆಯ ಬೆಳಗುಗಳೆಲ್ಲ ಆ ಆರು ಇಂಚಿನಲ್ಲಿ ಇದ್ದವು. ಅವಳ ಅಡುಗೆ ಸುಳ್ಳಾಗಿರಲಿಲ್ಲ. ಅವಳ ಟೇಪೂ ಸುಳ್ಳಾಗಿರಲಿಲ್ಲ.

ಐದೂವರೆಗೆ ಗಂಡ ಬಂದ. ಟೇಪಕ್ಕ ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದಳು. ಎದುರಿಗೆ ಬಟ್ಟೆ ಮುಚ್ಚಿದ ಎರಡು ಡಬ್ಬಿ.

“ಡಬ್ಬಿ ಯಾರ್ಡಲ್ಲೇ ಮರೆತು ಬಂದೆ ಕಣೇ, ನಾಳೆ ತರ್ತೀನಿ,” ಎನ್ನುತ್ತಾ ಅವನು ಚಪ್ಪಲಿ ಬಿಟ್ಟ.

“ಇರಲಿ ಬಿಡಿ. ಊಟ ಹೇಗಿತ್ತು?”

ಇವತ್ತು ಅವನಿಗೆ ಮಾತು ಹೇಳಿಕೊಡಲು ವೆಲ್ಡರ್ ಸಿಕ್ಕಿರಲಿಲ್ಲ. ಒಂದು ಗಳಿಗೆ ತಲೆ ಕೆರೆದುಕೊಂಡ. ಆಮೇಲೆ ಶುರುಮಾಡಿದ ನೋಡಿ! “ಬಲು ಚೆನ್ನಾಗಿತ್ತು. ಕಾಳು ಬೆಣ್ಣೆ ಥರ ಬೆಂದಿತ್ತು. ಸಾಲ್ಸಾ ಖಾರ ಹದವಾಗಿತ್ತು. ರೊಟ್ಟಿ ಅಂತೂ ಬಾಯಲ್ಲಿಟ್ರೆ ಕರಗೋದು. ಒಂದೂ ಬಿಡಲಿಲ್ಲ, ಡಬ್ಬಿ ತೊಳೆದಷ್ಟು ಖಾಲಿ ಮಾಡ್ದೆ.”

“ಒಂದೂ ಬಿಡಲಿಲ್ವಾ?”

“ನಿನ್ನಾಣೆ.”

ಟೇಪಕ್ಕ ಬಟ್ಟೆ ಸರಿಸಿ ಒಂದು ಡಬ್ಬಿ ತೆರೆದು ಅವನ ಮುಂದೆ ತಳ್ಳಿದಳು. ಬಿಳಿ ಗುಂಡಿ, ಕಪ್ಪು ಗುಂಡಿ, ನಡುವೆ ನಾಲ್ಕಾರು ಹಿತ್ತಾಳೆಯವು. ಅವನು ಅದನ್ನು ನೋಡಿದ, ಅವಳನ್ನು ನೋಡಿದ, ಗೋಡೆಗೆ ಒರಗಿಸಿಟ್ಟ ಉಕ್ಕಿನ ಒತ್ತುಮಣೆಯನ್ನು ನೋಡಿದ. ಯಾರ ಕೈಯ ಬೆಸುಗೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಅದು... ಅವನು ಒಬ್ಬನೇ ಇದ್ದ, ಪಾಪ ಅಂತ...”

“ಅವರ ಹೆಸರು ಎತ್ತಬೇಡಿ. ಅವರನ್ನ ಕಂಡು ಪಾಪ ಅನ್ನೋ ಮನಸ್ಸು ನಿಮಗಿದ್ದಿದ್ರೆ ನನ್ನ ಹತ್ರ ಹೇಳ್ತಿದ್ರಿ, ಇನ್ನೊಂದು ಡಬ್ಬಿ ಕಟ್ಟೋದು ನನಗೇನು ಭಾರ ಆಗ್ತಿತ್ತಾ?” ಅವಳ ಧ್ವನಿ ಏರಲಿಲ್ಲ. “ಡಾಕ್ಟರು ನನ್ನ ಮುಖಕ್ಕೆ ಉಗಿದ ಹಾಗೆ ಮಾತಾಡುವಾಗ ಪಕ್ಕದಲ್ಲೇ ಕೂತಿದ್ರಲ್ಲ ನೀವು. ಎಣ್ಣೆ ಸುರೀತೀಯಾ ಅಂದಾಗ, ಪ್ರೀತಿ ಇದ್ರೆ ಅಂದಾಗ. ಒಂದು ಮಾತು ಬರಲಿಲ್ವಾ ನಿಮ್ಮ ಬಾಯಲ್ಲಿ?”

ಅವನು ತಲೆ ತಗ್ಗಿಸಿದ. “ಆಸೆ ತಡೆಯೋಕೆ ಆಗ್ಲಿಲ್ಲ ಕಣೇ. ನೀನು ಅಷ್ಟು ಕಷ್ಟಪಟ್ಟು ಮಾಡ್ತಿದ್ದೆ, ತಿನ್ನಲ್ಲ ಅಂದ್ರೆ ನೊಂದ್ಕೊಳ್ತೀಯ ಅಂತ...”

“ನೊಂದ್ಕೊಳ್ಳಬಾರದು ಅಂತ!” ಅವಳು ಒಣನಗೆ ನಕ್ಕಳು. ಸ್ವಲ್ಪ ಹೊತ್ತು ಗುಂಡಿಗಳನ್ನು ಬೆರಳಿನಿಂದ ಕೆದಕಿದಳು. ಆಮೇಲೆ ಸಣ್ಣ ಧ್ವನಿಯಲ್ಲಿ ಕೇಳಿದಳು: “ನಿಜ ಹೇಳಿ. ಅಷ್ಟು ಮಾತಾಡಿದ್ರಲ್ಲ ಈ ಹದಿನಾಲ್ಕು ತಿಂಗಳು, ಅದರಲ್ಲಿ ಒಂದಾದ್ರೂ ನಿಮ್ಮದಿತ್ತಾ?”

ಒಂದಾದರೂ ಇದ್ದಿದ್ದರೆ ಅವಳು ಅದನ್ನು ಹಿಡಿದುಕೊಂಡು ಬದುಕುತ್ತಿದ್ದಳು. ಅಷ್ಟು ಸಾಕಾಗಿತ್ತು ಅವಳಿಗೆ. ಅವನು ಬಹಳ ಹೊತ್ತು ಯೋಚಿಸಿದ. ಕಡೆಗೂ ಬಾಯಿ ಬಿಡಲಿಲ್ಲ. ಅದೊಂದು ಸಲ ಅವನು ಸುಳ್ಳು ಹೇಳಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡ.

“ಶನಿವಾರ ಡಾಕ್ಟರ ಹತ್ರ ನಾನು ಬರಲ್ಲ,” ಎಂದಳು ಟೇಪಕ್ಕ. “ಏನು ತಿಂದೆ ಅಂತ ಕೇಳ್ತಾರಲ್ಲ, ನೀವೇ ಹೇಳಿ.”

“ನನ್ನ ಇಳಿಸಿಬಿಡ್ತಾರೆ ಕಣೇ.”

“ಇಳಿಸ್ತಾರೆ,” ಎಂದಳು ಅವಳು.

ಅವನು ಅಲ್ಲೇ ಕೂತಿದ್ದ. ಅವಳು ಎರಡನೆಯ ಡಬ್ಬಿ ತೆರೆದಳು. ಬೆಳಗಿನ ಟಾರ್ಟಿಯಾ ತಣ್ಣಗಾಗಿದ್ದವು, ಆರರ ಮೇಲೂ ಆ ಗೆರೆ. ಒಂದನ್ನು ಮಡಚಿ, ಕಾಳು ಹಾಕಿ, ಸಾಲ್ಸಾ ಸವರಿ ಬಾಯಿಗಿಟ್ಟಳು. ಎಣಿಸಿ ಕಟ್ಟುವ ಗಡಿಬಿಡಿಯಲ್ಲಿ ಅವಳು ಒಂದು ದಿನವೂ ಇದನ್ನು ಕೂತು ತಿಂದವಳಲ್ಲ. ನಿಧಾನವಾಗಿ ಅಗಿದಳು. ವೆಲ್ಡರ್ ಹೇಳಿದ್ದು ನಿಜ, ಎಲ್ಲ ಚೆನ್ನಾಗಿತ್ತು, ಉಪ್ಪು ಮಾತ್ರ ಸಾಲದು.

ಎದ್ದು ಸ್ಟೂಲು ಎಳೆದು ಹತ್ತಿ, ಅಟ್ಟದ ಮೇಲಿನ ಉಪ್ಪಿನ ಭರಣಿ ಕೆಳಗಿಳಿಸಿದಳು. ಒಂದು ಚಿಟಿಕೆ ತನ್ನ ಊಟಕ್ಕೆ ಉದುರಿಸಿಕೊಂಡು ಮತ್ತೆ ತಿನ್ನಲು ಕೂತಳು.